ಇಂಜಿನ್ ಇಳಿಸಿದ ವಿಮಾನ

ನಮ್ಮನೆಗೆ ಬಂದವರು ಚಪ್ಪಲಿ ಬಿಟ್ಟು ಒಳಗೆ ಕೂತು, ಕಾಫಿ ಬರೋದಕ್ಕೂ ಮುಂಚೆ ಕೇಳೋ ಪ್ರಶ್ನೆ ಒಂದೇ. ಇದು ಯಾವಾಗ ಮುಗಿಯುತ್ತೆ? ಹತ್ತು ವರ್ಷದಿಂದ ಇದೇ ನಡೀತಿದೆ, ಇನ್ನೂ ಹತ್ತು ವರ್ಷ ನಡೆಯುತ್ತೆ ಅಂತ ನಾನೂ ಗಟ್ಟಿಯಾಗಿಬಿಟ್ಟಿದ್ದೀನಿ.

ವಿಷಯ ಇಷ್ಟೇ. ನಾನು ದೊಡ್ಡಬಳ್ಳಾಪುರದ ಒಂದು ಹೈಸ್ಕೂಲಲ್ಲಿ ಡ್ರಾಯಿಂಗ್ ಟೀಚರ್. ಬಿಡುವಾದಾಗ ಹಳೇ ಕಾಲದ ಯುದ್ಧವಿಮಾನಗಳ ಮಾದರಿ ಮಾಡ್ತೀನಿ, ಮೊಳದುದ್ದದ್ದು. ಬೇರೆಯವರು ಹಾರೋ ವಿಮಾನ ಮಾಡ್ತಾರೆ, ನನಗೆ ರಿಪೇರಿಗೆ ನಿಂತ ವಿಮಾನದ ಮೇಲೇ ಆಸೆ. ಇಂಜಿನ್ ಇಳಿಸಿರಬೇಕು, ಒಂದು ರೆಕ್ಕೆಯ ತಗಡು ಬಿಚ್ಚಿ ಒಳಗಿನ ಪಕ್ಕೆಲುಬು ಕಾಣಬೇಕು, ಅರ್ಧ ಬಣ್ಣ ಕೆರೆದಿರಬೇಕು. ಅಷ್ಟಾದರೆ ನನ್ನ ಕೆಲಸ ಪೂರ್ತಿ ಆದ ಹಾಗೆ.

ಇದನ್ನ ಯಾರೂ ನಂಬಲ್ಲ, ಅದರಲ್ಲೂ ನಮ್ಮ ಮಾವ, ನನ್ನ ಗಂಡನ ಅಪ್ಪ. ನಲವತ್ತು ವರ್ಷ ಲಾರಿ ಗ್ಯಾರೇಜು ನಡೆಸಿದವರು. ಬಿಚ್ಚಿದ ಗಾಡಿಯನ್ನ ಹಾಗೇ ಬಿಡೋದು ಅವರ ಲೆಕ್ಕದಲ್ಲಿ ಮನೆತನಕ್ಕೇ ಅವಮಾನ. ದಿನಾ ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಂದು, ಬಗ್ಗಿ ನೋಡಿ, ತಲೆ ಅಲ್ಲಾಡಿಸಿ ಹೋಗ್ತಾರೆ. ಊರವರು ಏನಾದ್ರೂ ಅಂದುಕೊಳ್ಳಲಿ, ಈ ಮನುಷ್ಯ ಒಂದೇ ಒಂದು ಸಲ ಮುಗಿಸಿದ್ದೀಯ ಅಂದುಬಿಟ್ಟರೆ ಸಾಕು ಅನ್ನೋದು ನನ್ನ ಆಸೆ.

೧. ಮಹಡಿ ಕಂಬಿ

ಒಂದು ಸಲ ಇಲ್ಲೇ ಹತ್ತಿರದ ಮಧುರೆಯಿಂದ ನಮ್ಮ ಸೋದರತ್ತೆ ಬಂದಿದ್ರು. ವಿಮಾನ ನೋಡಿದವರೇ ಲೊಚಗುಟ್ಟಿದರು. ಇದು ಹೀಗೇ ಇರೋದು ಅತ್ತೆ, ಬೇಕಂತಲೇ ಹೀಗೆ ಮಾಡಿದ್ದೀನಿ ಅಂತ ಬಿಡಿಸಿ ಹೇಳಿದೆ. ಅವರು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಕೈಲಾಗದೆ ಬಿಟ್ಟು ಈಗ ಮುಚ್ಚಿಹಾಕ್ತಿದ್ದೀನಿ ಅಂತ ಅವರಿಗೆ ಗ್ಯಾರಂಟಿ ಆಗಿಹೋಗಿತ್ತು.

"ಬೇಜಾರು ಮಾಡ್ಕೋಬೇಡ ಮಗಳೇ. ನಮ್ಮನೆಯವರೂ ಮಹಡಿ ಶುರು ಮಾಡಿ ಒಂಬತ್ತು ವರ್ಷ ಆಯ್ತು, ಕಂಬಿ ಹಂಗೇ ನಿಂತವೆ. ಕೇಳಿದೋರಿಗೆ ಅವರೂ ಬೇಕಂತಲೇ ಬಿಟ್ಟಿದ್ದೀನಿ ಅಂತಾನೇ ಹೇಳೋದು."

೨. ತುಕ್ಕು

ತುಕ್ಕು ಬರಿಸೋದು ಹುಡುಗಾಟ ಅಲ್ಲ. ಇಟ್ಟಿಗೆ ಪುಡಿ, ಸೀಮೆಸುಣ್ಣದ ಪುಡಿ, ಬಣ್ಣ ಎಲ್ಲ ಕಲಸಿ, ಸಣ್ಣ ಬ್ರಷ್ಷಲ್ಲಿ ಚುಕ್ಕೆ ಚುಕ್ಕೆ ಇಟ್ಟು ಮೂರು ವಾರ ಕಣ್ಣು ಬತ್ತಿಸಿಕೊಂಡಿದ್ದೆ. ಆಗ ಅನುಗೊಂಡನಹಳ್ಳಿಯಿಂದ ನಮ್ಮಮ್ಮ ಬಂದರು. ನಾನು ಸ್ಕೂಲಿಗೆ ಹೋಗಿ ಸಾಯಂಕಾಲ ಬಂದರೆ ವಿಮಾನ ಫಳಫಳ ಅಂತಿದೆ. ಹುಣಸೆಹಣ್ಣು ಹಾಕಿ ಉಜ್ಜಿ, ತೊಳೆದು, ಹಿತ್ತಲ ಕಟ್ಟೆ ಮೇಲೆ ಹಿತ್ತಾಳೆ ಚೆಂಬುಗಳ ಪಕ್ಕ ಬೋರಲು ಹಾಕಿದ್ದಾರೆ.

ನಾನು ಅತ್ತೇಬಿಟ್ಟೆ. ಅಮ್ಮ ಅದನ್ನ ಸಂತೋಷದ ಕಣ್ಣೀರು ಅಂದುಕೊಂಡು, ಇರಲಿ ಬಿಡೇ, ಸ್ಕೂಲು ಮನೆ ಅಂತ ನಿನಗೆಲ್ಲಿ ಪುರುಸೊತ್ತು ಅಂತ ನನ್ನನ್ನೇ ಸಮಾಧಾನ ಮಾಡಿದರು. ಮತ್ತೆ ಮೂರು ವಾರ ಕೂತು ತುಕ್ಕು ಹಚ್ಚಿದೆ. ಮುಂದಿನ ಸಲ ಬಂದ ಅಮ್ಮ ಅದನ್ನ ಉಗುರಲ್ಲಿ ಕೆರೆದು ನೋಡಿದರು. ಸೀದಾ ಮಾವನ ಹತ್ತಿರ ಹೋಗಿ, ಬೀಗರೇ, ಈ ಊರಿನ ನೀರು ಸರಿಯಿಲ್ಲ, ಒಂದು ಫಿಲ್ಟರ್ ಹಾಕಿಸಿ ಅಂದರು.

೩. ಬೋರ್ಡು

ಸ್ಕೂಲಿಗೆ ತಪಾಸಣೆಗೆ ಸಾಹೇಬರು ಬರೋ ದಿನ ವಿಮಾನವನ್ನ ಡ್ರಾಯಿಂಗ್ ರೂಮಲ್ಲಿ ಇಟ್ಟಿದ್ದೆ. ನಮ್ಮ ಹೆಡ್‌ಮಾಸ್ಟರಿಗೆ ಬೆವರು ಕಿತ್ತುಕೊಂಡಿತು. ಮುರಿದ ಸಾಮಾನು ತಂದಿಟ್ಟು ನನ್ನ ನೌಕರಿಗೆ ಕಲ್ಲು ಹಾಕ್ತೀರಾ ಅಂತ ಕೂಗಾಡಿ, ತೆಗೆಯೋಕೆ ಟೈಮಿಲ್ಲದೆ, ಒಂದು ರಟ್ಟಿನ ಮೇಲೆ ಕಾಮಗಾರಿ ಪ್ರಗತಿಯಲ್ಲಿದೆ ಅಂತ ಬರೆದು ಅದರ ಮುಂದೆ ನಿಲ್ಲಿಸಿದರು. ಎಲ್ಲ ರೂಮಲ್ಲೂ ನೂರೆಂಟು ಪ್ರಶ್ನೆ ಕೇಳಿದ್ದ ಸಾಹೇಬರು ಆ ಬೋರ್ಡು ಓದಿ, ತಲೆಯಾಡಿಸಿ, ಮುಂದಕ್ಕೆ ಹೋದರು.

ಹೆಡ್‌ಮಾಸ್ಟರು ನನ್ನ ಕಿವಿ ಹತ್ತಿರ ಬಂದು ಹೇಳಿದರು. "ನೋಡಿದ್ರಾ ಟೀಚರ್? ಈ ಬೋರ್ಡು ಇದ್ದ ಕಡೆ ಇಲಾಖೆಯವರು ಯಾವತ್ತೂ ಏನೂ ಕೇಳಲ್ಲ."

೪. ಪ್ರದರ್ಶನ

ಮೊನ್ನೆ ಬೆಂಗಳೂರಲ್ಲಿ ಮಾದರಿಗಳ ಪ್ರದರ್ಶನ ಇತ್ತು, ಜೊತೆಗೆ ಸ್ಪರ್ಧೆ. ಮಾವ ತಾವೂ ಬರ್ತೀನಿ ಅಂದರು. ಬಸ್ಸಲ್ಲಿ ಡಬ್ಬ ತೊಡೆ ಮೇಲೆ ಇಟ್ಟುಕೊಂಡು, ಹಂಪ್ ಬಂದಾಗಲೆಲ್ಲ ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದುಕೊಂಡಿದ್ದರು. ನನಗೆ ಆಶ್ಚರ್ಯ ಆಯ್ತು.

ಅಲ್ಲಿ ಹೆಸರು ಬರೆದುಕೊಳ್ಳುತ್ತಿದ್ದವರು ವಿಮಾನ ನೋಡಿ ಪೆನ್ನು ಮುಚ್ಚಿದರು. ಅರ್ಧಂಬರ್ಧ ಆಗಿರೋದನ್ನ ಸ್ಪರ್ಧೆಗೆ ತಗೊಳ್ಳಲ್ಲ ಮೇಡಂ, ಮುಗಿಸಿ ಮುಂದಿನ ವರ್ಷ ತನ್ನಿ ಅಂದರು.  ಈಗ ಮಾವ ನಾನು ಹೇಳಲಿಲ್ವಾ ಅಂತಾರೆ ಅಂತ ಅವರ ಮುಖ ನೋಡೋಕೇ ನನಗೆ ಹೆದರಿಕೆ.

ಮಾವ ಮೇಜಿಗೆ ಕೈಯೂರಿ ನಿಂತರು.

"ಸ್ವಾಮಿ, ನಾನು ನಲವತ್ತು ವರ್ಷ ಗ್ಯಾರೇಜು ನಡೆಸಿದೋನು. ಬಿಟ್ಟುಹೋದ ಕೆಲಸ ಯಾವುದು, ಮಾಡ್ತಿರೋ ಕೆಲಸ ಯಾವುದು ಅಂತ ನಂಗೊತ್ತು. ಈ ಗಸಗಸೆ ಕಾಳಷ್ಟು ಬೋಲ್ಟು ನೋಡಿ, ಬಿಚ್ಚಿದ ಸಾಲಲ್ಲೇ ಜೋಡಿಸಿಟ್ಟವಳೆ. ಬಿಟ್ಟುಹೋಗೋರು ಹಿಂಗಿಡಲ್ಲ. ನಮ್ಮ ಹುಡುಗಿ ಇದನ್ನೇ ತೋರಿಸಬೇಕು ಅಂತ ಮಾಡವಳೆ. ಮುಗಿಸವಳೆ. ಬರ್ಕೊಳ್ಳಿ."

ಅವರು ಬಗ್ಗಿ ಬೋಲ್ಟು ನೋಡಿದರು, ಮಾವನನ್ನ ನೋಡಿದರು, ಪೆನ್ನು ತೆಗೆದು ಬರೆದುಕೊಂಡರು. ಎರಡನೇ ಬಹುಮಾನ ಬಂತು. ಬಹುಮಾನ ಬರದಿದ್ದರೂ ಚಿಂತೆ ಇರಲಿಲ್ಲ, ನಾನು ಆಗಲೇ ಮುಗಿಲು ಮುಟ್ಟಿಬಿಟ್ಟಿದ್ದೆ.

ವಾಪಸ್ ಬರ್ತಾ ಬಸ್ಸಲ್ಲಿ ತಡೆಯೋಕಾಗದೆ ಕೇಳಿಯೇಬಿಟ್ಟೆ. ಕೊನೆಗೂ ಮುಗಿದಿದೆ ಅಂತ ಒಪ್ಪಿಕೊಂಡ್ರಲ್ಲ ಮಾವ.

ಮಾವ ಡಬ್ಬವನ್ನ ತೊಡೆ ಮೇಲೆ ಸರಿಮಾಡಿಕೊಂಡು, ಅಕ್ಕಪಕ್ಕ ನೋಡಿ, ದನಿ ತಗ್ಗಿಸಿದರು.

"ಹೊರಗಿನೋರ ಮುಂದೆ ನಮ್ಮನೆಯವರ ಕೆಲಸಾನ ಬಿಟ್ಕೊಡೋಕಾಗುತ್ತೇನಮ್ಮ? ಅದು ಬೇರೆ. ಮನೆಗೆ ಹೋದ ತಕ್ಷಣ ಇಂಜಿನ್ ಕೂರಿಸಿಬಿಡು. ಪಾಪ, ಇದರ ಪೈಲಟ್ಟು ಎಷ್ಟು ವರ್ಷ ಅಂತ ಕಾಯ್ತಾನೆ."