ನೆಲಮಂಗಲಕ್ಕಿಂತ ಹತ್ತಿರದ ಕೊಲಂಬೊ

ಕುಂದಾಣದಿಂದ ನೆಲಮಂಗಲಕ್ಕಿಂತ ಕೊಲಂಬೊ ಹತ್ತಿರ ಎಂಬುದನ್ನು ನನಗೆ ಮೊದಲು ತಿಳಿಸಿದವರು ನಮ್ಮ ಚಿಕ್ಕಮ್ಮ ಗಂಗಲಕ್ಷ್ಮಮ್ಮ. ಮದುವೆಯಾದ ಹುಡುಗಿಯ ತಾಯಿಯೂ ಅವರೇ ಆದ್ದರಿಂದ ಅನುಮಾನಕ್ಕೆ ಆಸ್ಪದವಿಲ್ಲ.

ಅವರ ಊರಾದ ಕುಂದಾಣದ ಕಡೆ ಒಂದು ಪದ್ಧತಿಯಿದೆ. ಹೆಣ್ಣಿನ ತಾಯಿ ತಿಂಡಿ ಮುಗಿಸಿ ಹೊರಟು, ಮಗಳ ಮನೆಯಲ್ಲಿ ಮಧ್ಯಾಹ್ನ ಮುದ್ದೆ ಉಂಡು, ದೀಪ ಹಚ್ಚುವ ಹೊತ್ತಿಗೆ ವಾಪಸ್ ಬರುವಷ್ಟು ಹತ್ತಿರದಲ್ಲಿ ಮಾತ್ರ ಸಂಬಂಧ ಬೆಳೆಸಬೇಕು. ಇದನ್ನು ಪರಿಶೀಲಿಸಲು ಊರಿನ ಹಿರಿಯರ ಸಮಿತಿಯೊಂದಿದೆ, ಅಧ್ಯಕ್ಷರು ಆದಿನಾರಾಯಣಪ್ಪನವರು. ಸದಸ್ಯರೆಲ್ಲ ಗಂಡಿನ ಊರಿಗೆ ಖುದ್ದಾಗಿ ಹೋಗಿಬರುತ್ತಾರೆ. ಖರ್ಚು ಗಂಡಿನದು. ಊಟವೂ ಪರಿಶೀಲನೆಯ ಅಂಗ.

ಚಿಕ್ಕಮ್ಮನ ಮಗಳು ನವ್ಯಶ್ರೀ ಮೆಚ್ಚಿದ ದೇವರಾಜ್ ನೆಲಮಂಗಲದ ಗೋದಾಮೊಂದರಲ್ಲಿ ಸೂಪರ್‌ವೈಸರ್. ಸಮಿತಿ ತಿಂಡಿ ಮುಗಿಸಿ ಹೊರಟಿತು. ದೊಡ್ಡಬಳ್ಳಾಪುರದಲ್ಲಿ ಬಸ್ಸಿಗೆ ಕಾದು, ಆಮೇಲೆ ಲಾರಿಗಳ ಹಿಂದೆ ನಿಂತು, ಸಂಜೆ ಕಾಫಿ ಹೊತ್ತಿಗೆ ತಲುಪಿತು. ಸಾರು ಆರಿಹೋಗಿತ್ತು. "ನೆಲಮಂಗಲವು ದೂರದೇಶವಾಗಿರುವುದರಿಂದ ಸಂಬಂಧವನ್ನು ತಿರಸ್ಕರಿಸಲಾಗಿದೆ" ಎಂದು ನಿರ್ಣಯವಾಯಿತು.

ನವ್ಯಶ್ರೀ ಅತ್ತುಕೊಂಡು ಕೂರುವ ಪೈಕಿಯವಳಲ್ಲ. ಸೀದಾ ಅಧ್ಯಕ್ಷರ ಮನೆಗೆ ಹೋದಳು.

"ದೊಡ್ಡಪ್ಪ, ದೂರ ಅಂದ್ರೆ ಕಿಲೋಮೀಟರಾ, ಗಂಟೆನಾ?"

"ಗಂಟೆ ಕಣಮ್ಮ. ಕಿಲೋಮೀಟರ್ ಕಲ್ಲಿನ ಮೇಲಿರ್ತದೆ, ನಮ್ಗೇನು."

"ಹುಡುಗ ಕೊಲಂಬೊದಲ್ಲಿದ್ರೆ? ಇಲ್ಲೇ ದೇವನಹಳ್ಳೀಲಿ ವಿಮಾನ ಹತ್ತಿದ್ರೆ ಒಂದೂವರೆ ಗಂಟೆ."

ಆದಿನಾರಾಯಣಪ್ಪ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದರು.

"ಊಟ?"

"ಸಮುದ್ರದ ಮೀನು, ದೊಡ್ಡಪ್ಪ."

"ಪಕ್ಕದ್ಮನೆ ಆಯ್ತಲ್ಲಮ್ಮ."

ದೇವರಾಜ್ ರಜೆ ಹಾಕಿ, ಕೊಲಂಬೊದಲ್ಲಿದ್ದ ಗೆಳೆಯನ ರೂಮಿಗೆ ಹೋಗಿ ಕೂತ. ಸಮಿತಿಯವರೆಲ್ಲ ಪಾಸ್‌ಪೋರ್ಟ್ ಮಾಡಿಸಿಕೊಂಡರು.

"ಭಾವ, ಬೆಳಗ್ಗೆ ಹೋಗಿ ಸಂಜೆ ಬರೋದಲ್ವಾ? ಸೂಟ್‌ಕೇಸ್ ಯಾಕೆ?" ಎಂದು ಚಿಕ್ಕಮ್ಮ ಕೇಳಿದರಂತೆ.

"ಅಳತೆ ಸರಿಯಾಗಿ ಆಗ್ಬೇಕಲ್ಲಮ್ಮ" ಅಂದರಂತೆ ಅಧ್ಯಕ್ಷರು.

ಸಮಿತಿ ಒಂದು ವಾರ ಅಳೆದು, ಬಿಸಿಲಿಗೆ ಕಪ್ಪಾಗಿ ಮರಳಿತು. ವರದಿ ಹೀಗಿತ್ತು: "ಪ್ರಯಾಣ ಒಂದೂವರೆ ಗಂಟೆ. ಉಳಿದ ದಿನಗಳಲ್ಲಿ ಸಮುದ್ರವನ್ನು ಪರಿಶೀಲಿಸಲಾಯಿತು. ಮೀನು ತೃಪ್ತಿಕರ. ಹುಡುಗ ಹತ್ತಿರದವನು."

ಮದುವೆಯಾಯಿತು. ಮರುವಾರ ದೇವರಾಜ್ ಅದೇ ಗೋದಾಮಿನ ಕೆಲಸಕ್ಕೆ ಹಾಜರಾದ; ನವ್ಯಶ್ರೀ ನೆಲಮಂಗಲದಲ್ಲಿ ಹಾಲು ಉಕ್ಕಿಸಿದಳು. ಸಮಿತಿಗೆ ಇದು ತಿಳಿಯದೇ ಇರಲಿಲ್ಲ. ಆದರೆ ಒಮ್ಮೆ ಹತ್ತಿರವೆಂದು ತೀರ್ಮಾನವಾದ ಸಂಬಂಧವನ್ನು ದೂರ ಮಾಡಲು ನಿಯಮದಲ್ಲಿ ಅವಕಾಶವಿಲ್ಲ.

ಚಿಕ್ಕಮ್ಮ ಮೊದಲ ಸಲ ಮಗಳ ಮನೆಗೆ ಹೋಗಿ ವಾಪಸ್ ಬಂದಾಗ ಊರೆಲ್ಲ ಮಲಗಿತ್ತು. ಮರುದಿನವೇ ಅಧ್ಯಕ್ಷರ ಬಳಿಗೆ ದೂರು ಒಯ್ದರು.

"ದೀಪ ಹಚ್ಚೋ ಹೊತ್ತು ಮೀರೋಯ್ತಲ್ಲ, ಭಾವ."

"ನೀನು ಬರೋವರ್ಗೂ ಮನೇಲಿ ಯಾರಾದ್ರೂ ದೀಪ ಹಚ್ಚಿದ್ರಾ?"

"ಅವ್ರೆಲ್ಲಿ ಹಚ್ತಾರೆ. ನಾನೇ ಬಂದು ಹಚ್ಚಿದ್ದು."

"ಅಂದ್ಮೇಲೆ ಸರಿಯಾದ ಹೊತ್ಗೇ ಬಂದಿದ್ದೀಯ."

ಚಿಕ್ಕಮ್ಮನಿಗೂ ಹೌದೆನಿಸಿತು. ನನಗೆ ಹೇಳುವಾಗ ಅವರ ದನಿಯಲ್ಲಿ ಸಮಾಧಾನವೇ ಇತ್ತು. ಈಗ ನೆಲಮಂಗಲದ ಗಂಡುಗಳು ಮದುವೆಗೆ ಮುಂಚೆ ಒಂದು ವಾರ ಕೊಲಂಬೊದಲ್ಲಿರುವುದು ರೂಢಿ. ಹೊಸಕೋಟೆಯವರು ಬ್ಯಾಂಕಾಕಿನಲ್ಲಿದ್ದರೆ ಅನುಕೂಲ ಎಂದು ಸಮಿತಿ ಸೂಚಿಸಿದೆ.

ನಿಮ್ಮ ಪೈಕಿ ಗಂಡು ನೋಡುತ್ತಿರುವವರಿದ್ದರೆ ಇಷ್ಟು ಹೇಳಿಬಿಡಿ. ಪಾಪ, ಗೊತ್ತಿಲ್ಲದೆ ಪಕ್ಕದ ತಾಲ್ಲೂಕಿನಲ್ಲಿ ಹುಡುಕುತ್ತಿರುತ್ತಾರೆ.