ಕೊನೆಯಿಲ್ಲದ ಹಾಡು ಮತ್ತು ಖಾರದ ಗಿರಣಿ

ಆಕಾಶ ಕಳಚಿ ತಲೆಯ ಮೇಲೆ ಬಿದ್ದರೂ ಕೈ ಎತ್ತುವುದಿಲ್ಲ ಎಂದು ನಾನು ಆಣೆ ಮಾಡಿದೆ. ಬೆಟಗೇರಿಯ ನಮ್ಮ ಮನೆಯ ಕಟ್ಟೆಯ ಮೇಲೆ ನಿಂತು, ಹೆಂಡತಿ ಮೋತಿಬಿ, ಮೂವರು ಮಕ್ಕಳು, ಪಕ್ಕದ ಮನೆಯಲ್ಲಿ ಸೀರೆ ನೇಯುವ ನೀಲಗಂಗವ್ವ, ಇವರೆಲ್ಲರ ಎದುರಿಗೆ ಮಾಡಿದ ಆಣೆ ಅದು. ನನ್ನ ಆಣೆಯೆಂದರೆ ಶಿಲಾಶಾಸನ. ಆ ಶಾಸನ ಮರುದಿನ ಮಧ್ಯಾಹ್ನದೊಳಗೆ ಮೆಣಸಿನಕಾಯಿಯ ಜೊತೆ ಪುಡಿಯಾಯಿತು ಎಂಬುದನ್ನು ಈಗ ನಗುತ್ತಲೇ ಹೇಳುತ್ತೇನೆ. ಆಗ ನಗು ಬಂದಿರಲಿಲ್ಲ, ಸೀನು ಬಂದಿತ್ತು.

ನಾನು ಮರ್ದಾನಸಾಬ. ಗದಗಿನಿಂದ ತುಂಗಭದ್ರೆಯ ದಂಡೆಯವರೆಗೆ ನಮ್ಮ ಬ್ಯಾಂಡ್ ಇಲ್ಲದೆ ಮದುಮಗ ಕುದುರೆ ಏರುತ್ತಿರಲಿಲ್ಲ. ಏರಿದರೂ ಕುದುರೆ ಹೆಜ್ಜೆ ಕೀಳುತ್ತಿರಲಿಲ್ಲ. ನಮ್ಮ ಅಜ್ಜನದು ನಗಾರಿ, ಅಪ್ಪನದು ಶಹನಾಯಿ. ಕ್ಲಾರಿನೆಟ್ ಮಾತ್ರ ನನ್ನ ಸ್ವಂತ ಸಂಪಾದನೆ. ಯಾವ ಉಸ್ತಾದನ ಕಾಲನ್ನೂ ಒತ್ತದೆ, ಹೊಲದ ಬದುವಿನ ಮೇಲೆ ಕುಳಿತು, ಕಾಗೆ ಗುಬ್ಬಿಗಳನ್ನು ಓಡಿಸುತ್ತ ನಾನೇ ಕಲಿತೆ. ಆ ವರ್ಷ ನಮ್ಮ ಹೊಲದ ಜೋಳವನ್ನು ಒಂದು ಹಕ್ಕಿಯೂ ಮುಟ್ಟಲಿಲ್ಲವೆಂದರೆ ನನ್ನ ಊದುವ ಗತ್ತು ಎಂಥದ್ದಿರಬೇಕು ನೀವೇ ಲೆಕ್ಕ ಹಾಕಿ. ಅಪ್ಪ ಮಾತ್ರ ಅದನ್ನು ‘ಇಂಗ್ಲಿಷರ ಕೊಳವಿ’ ಎಂದು ಸಾಯುವವರೆಗೂ ಮುಟ್ಟಲಿಲ್ಲ.

ಹಿರಿಯ ಮಗ ನಿಜಾಮುದ್ದೀನ ನಮ್ಮ ಬ್ಯಾಂಡಿನಲ್ಲಿ ಕಾರ್ನೆಟ್ ಊದುತ್ತಿದ್ದ. ಕಿರಿಯ ದಸ್ತಗೀರ ಡ್ರಮ್ ಬಾರಿಸುತ್ತಿದ್ದ. ಇಬ್ಬರ ನಡುವಿನ ಅಖ್ತರಿ ಹೆಣ್ಣುಮಗಳು. ಕುದುರೆಯ ಮುಂದೆ ಬೀದಿಯಲ್ಲಿ ನಡೆಯುವ ಹಾಗಿಲ್ಲ. ಆದರೆ ನಾವು ಮನೆಯಲ್ಲಿ ಹೊಸ ಧಾಟಿ ಕಲಿಯಲು ತಿಂಗಳು ಒದ್ದಾಡಿದರೆ ಅವಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಅದನ್ನು ಹಾಡಿ ಮುಗಿಸುತ್ತಿದ್ದಳು.

ಎಂಬತ್ತರ ಇಸವಿಯ ಸುಮಾರಿಗೆ ನಿಜಾಮ ಕಾರ್ನೆಟ್ ರಿಪೇರಿ ಮಾಡಿಸಿಕೊಂಡು ಬರುತ್ತೇನೆಂದು ಹುಬ್ಬಳ್ಳಿಗೆ ಹೋದ. ಕಾರ್ನೆಟ್ ಮಾರಿ ಎಲೆಕ್ಟ್ರಿಕ್ ಗಿಟಾರ್ ಹೊತ್ತು ಬಂದ. ಜೊತೆಗೆ ಭುಜದವರೆಗೆ ಕೂದಲು, ಬಾಯಲ್ಲಿ ‘ರಾಕ್’ ಎಂಬ ಒಂದು ಶಬ್ದ. ದಸ್ತಗೀರ ನಮ್ಮ ದೊಡ್ಡ ಢೋಲನ್ನು ಅಡ್ಡ ಮಲಗಿಸಿ ಕಾಲಿನಿಂದ ಒದೆಯತೊಡಗಿದ. ಅಖ್ತರಿ ರೊಟ್ಟಿ ಬಿಟ್ಟು ಮೈಕ್ ಹಿಡಿದಳು. ‘ಮರ್ದಾನಸಾಬ ಅಂಡ್ ಸನ್ಸ್’ ಎಂಬ ನನ್ನ ಬೋರ್ಡಿನ ಕೆಳಗೆ ‘ಅಖ್ತರಿ ಅಂಡ್ ಬ್ರದರ್ಸ್ ರಾಕ್ ಬ್ಯಾಂಡ್’ ಎಂದು ಇನ್ನೊಂದು ಬೋರ್ಡು ಬಿತ್ತು. ನೀಲಗಂಗವ್ವ ಗೋಡೆಯ ಆಚೆಯಿಂದ, ನಿಮ್ಮ ಮಕ್ಕಳು ಶುರು ಮಾಡಿದಾಗಿನಿಂದ ನನ್ನ ಮಗ್ಗದ ಲಾಳಿ ಕೈಗೇ ಸಿಗದ ಹಾಗೆ ಓಡುತ್ತಿದೆ ಎಂದಳು. ಬೈದಳೋ ಹೊಗಳಿದಳೋ ನನಗೆ ಇಂದಿಗೂ ತಿಳಿಯದು.

ನನಗೂ ಅವರಿಗೂ ದಿನಾ ಜಗಳ. ಕೊನೆಗೆ ಒಂದು ಒಪ್ಪಂದವಾಯಿತು. ಮುಂಡರಗಿಯ ಹುಚ್ಚೀರಪ್ಪನವರು ಖಾರ ಕುಟ್ಟುವ ಹೊಸ ಗಿರಣಿಯ ಉದ್ಘಾಟನೆಗೆ ನನ್ನ ಬ್ಯಾಂಡನ್ನು ಕರೆದಿದ್ದರು. ನನ್ನ ಬದಲು ಮಕ್ಕಳು ಹೋಗಿ ಒಂದೇ ಒಂದು ಹಾಡು ನುಡಿಸಬೇಕು. ಜನ ಮೆಚ್ಚಿದರೆ ರಾಕ್ ಬ್ಯಾಂಡ್ ಉಳಿಯುತ್ತದೆ. ಮೆಚ್ಚದಿದ್ದರೆ ಗಿಟಾರ್ ಹುಬ್ಬಳ್ಳಿಗೆ ವಾಪಸು, ಗಂಡುಮಕ್ಕಳು ಕೆಂಪು ಕೋಟು ಹಾಕಿ ಕುದುರೆಯ ಮುಂದೆ, ಅಖ್ತರಿ ರೊಟ್ಟಿಯ ಮುಂದೆ. ಗಂಡುಹುಡುಗರಿಗೆ ಸೋತರೂ ಬ್ಯಾಂಡ್ ಇತ್ತು. ಅವಳಿಗೆ ಇದ್ದದ್ದು ಇದೊಂದೇ ಹಾಡು. ಅದಕ್ಕೇ ಷರತ್ತು ಹಾಕಿದವಳೂ ಅವಳೇ.

“ಅಬ್ಬಾ, ಎದರಿಗೆ ಕುಂತು ಕೈ ಎತ್ತಬ್ಯಾಡ್ರಿ. ನಿಮ್ಮ ಕೈ ಎದ್ರ ನಮ್ಮ ಕೈ ನಿಂತಬಿಡ್ತಾವ.”

ಈ ಮಾತು ತಿಳಿಯಬೇಕಾದರೆ ಮದುವೆ ಬ್ಯಾಂಡಿನ ಕಾನೂನು ತಿಳಿಯಬೇಕು. ಮೆರವಣಿಗೆಯ ಗದ್ದಲದಲ್ಲಿ ಮಾತು ಕೇಳುವುದಿಲ್ಲ. ಮುಂದಿನವನ ಕೈಯೇ ಹುಕುಂ. ಕೈ ಕೆಳಗೆ ಬಿಟ್ಟು ಝಾಡಿಸಿದರೆ ಜೋರಾಗಿ ಓಡಿಸು ಎಂದರ್ಥ. ಕೈ ಮೇಲೆತ್ತಿದರೆ ನಿಲ್ಲಿಸು. ನಮ್ಮ ಹಾಡಿಗೆ ಆರಂಭ ಇರುತ್ತದೆ, ಕೊನೆ ಇರುವುದಿಲ್ಲ. ಹೆಣ್ಣಿನ ಮನೆ ಬಂದಾಗ ನನ್ನ ಕೈ ಮೇಲೇಳುತ್ತದೆ, ಅದೇ ಕೊನೆ. ಕೈ ಏಳುವ ಮೊದಲೇ ಯಾರು ನಿಲ್ಲಿಸಿದರೋ ಅವರು ದೊಡ್ಡ ಢೋಲನ್ನು ಮನೆಯವರೆಗೆ ಹೊರಬೇಕು. ಅಖ್ತರಿಗೂ ಈ ಕಾನೂನು ಬಿಟ್ಟಿರಲಿಲ್ಲ. ಮನೆಯಲ್ಲಿ ತಪ್ಪಿದರೆ ಅಂಗಳದ ಸುತ್ತ ಹೊರುತ್ತಿದ್ದಳು. ಅಕ್ಷರ ಕಲಿಯುವ ಮೊದಲೇ ನನ್ನ ಮಕ್ಕಳು ಇದನ್ನು ಕಲಿತಿದ್ದರು.

ಅವರ ತಾಲೀಮಿನಲ್ಲೂ ಅಷ್ಟೆ. ಅವರು ಬಾರಿಸುತ್ತಿದ್ದರು, ನಾನು ತಲೆ ಚಿಟ್ಟು ಹಿಡಿದು ಸಾಕು ಎಂದು ಕೈ ಎತ್ತುತ್ತಿದ್ದೆ, ಹಾಡು ಮುಗಿಯುತ್ತಿತ್ತು. ತಾವೇ ಮುಗಿಸುತ್ತಿದ್ದೇವೆ ಎಂದು ಅವರು ತಿಳಿದಿದ್ದರು. ನನಗೂ ಹೊಳೆದಿರಲಿಲ್ಲ. ಆ ಹಾಡಿಗೆ ಕೊನೆಯನ್ನು ಯಾರೂ ಕಟ್ಟಿಯೇ ಇರಲಿಲ್ಲ!

ಆಣೆ ಮಾಡಿದ ಮರುದಿನ ಬಸ್ಸಿನ ಮೇಲೆ ಢೋಲು, ಒಳಗೆ ನಾವು. ಕಪ್ಪತಗುಡ್ಡ ಬಲಕ್ಕೆ ಬಂತು, ಎಡಕ್ಕೆ ಹೋಯಿತು, ಮುಂಡರಗಿ ಬಂತು. ತಗಡಿನ ಶೆಡ್ಡಿನಲ್ಲಿ ಗಿರಣಿ ನವವಧುವಿನಂತೆ ನಿಂತಿತ್ತು. ಕಬ್ಬಿಣದ ಒನಕೆಗಳಿಗೆ ಕುಂಕುಮ, ಮೋಟಾರಿಗೆ ಹೂವಿನ ಸರ, ಒರಳುಗಳಲ್ಲಿ ಶಾಸ್ತ್ರಕ್ಕೆಂದು ತುಂಬಿದ ಒಣಮೆಣಸಿನಕಾಯಿ. ಮೊದಲು ಹಾಡು, ಆಮೇಲೆ ಮುಹೂರ್ತಕ್ಕೆ ಸರಿಯಾಗಿ ಹುಚ್ಚೀರಪ್ಪನವರ ಹಸ್ತದಿಂದ ಗಿರಣಿ ಚಾಲೂ, ಆಮೇಲೆ ಊಟ. ಮುಹೂರ್ತ ತೆಗೆದ ಅಯ್ಯನವರು ಕೈಗಡಿಯಾರ ಬಿಚ್ಚಿ ಅಂಗೈಯಲ್ಲೇ ಹಿಡಿದು ಕುಳಿತಿದ್ದರು.

ನಾನು ಜರಿ ಟೋಪಿ ಹಾಕಿಕೊಂಡು ಮೊದಲ ಸಾಲಿನ ಕಬ್ಬಿಣದ ಕುರ್ಚಿಯಲ್ಲಿ ಕುಳಿತೆ. ಕೈಗಳ ಮೇಲೆ ನನಗೆ ನಂಬಿಕೆ ಇರಲಿಲ್ಲ. ಜೀವಮಾನವೆಲ್ಲ ಹುಕುಂ ಕೊಟ್ಟ ಕೈಗಳು. ಎರಡನ್ನೂ ತೊಡೆಯ ಕೆಳಗೆ ತುರುಕಿ, ಮೇಲೆ ನನ್ನ ಪೂರ್ತಿ ಭಾರ ಹಾಕಿ ಕುಳಿತೆ.

ಹಾಡು ಶುರುವಾಯಿತು. ಸುಳ್ಳೇಕೆ ಹೇಳಲಿ, ಚೆನ್ನಾಗಿತ್ತು. ಗಿಟಾರ್ ಕಿರುಚಿತು, ಢೋಲು ಗುಡುಗಿತು, ಅಖ್ತರಿಯ ದನಿ ತಗಡನ್ನು ಸೀಳಿಕೊಂಡು ಮೇಲೆ ಹೋಯಿತು. ಹರೆಯದ ಹುಡುಗರು ಎದ್ದು ಕುಣಿದರು. ಪಲ್ಲವಿ ಬಂತು, ಚರಣ ಬಂತು, ಮತ್ತೆ ಪಲ್ಲವಿ ಬಂತು. ಮತ್ತೂ ಪಲ್ಲವಿ ಬಂತು. ನಿಜಾಮ ನನ್ನತ್ತ ನೋಡಿ ಕಣ್ಣು ಅಗಲಿಸಿದ. ರಾಕ್ ಎಂದರೆ ಕಣ್ಣು ಅಗಲಿಸಬೇಕೇನೋ ಎಂದುಕೊಂಡೆ. ದಸ್ತಗೀರ ಗದ್ದವನ್ನು ಮೇಲಕ್ಕೆ ಎತ್ತಿ ಎತ್ತಿ ತೋರಿಸಿದ. ಅದೂ ರಾಕ್ ಎಂದುಕೊಂಡೆ. ಸಾಹಿತ್ಯ ಮುಗಿದ ಅಖ್ತರಿ ಊರೂರುಗಳ ಹೆಸರನ್ನೇ ಹಾಡತೊಡಗಿದಳು. ಶಿಗ್ಲಿ, ಶಿರಹಟ್ಟಿ, ನಾಗಾವಿ, ಲಕ್ಷ್ಮೇಶ್ವರ ಎಲ್ಲ ಬಂದು ಹೋದವು. ಬಸ್ಸಿನ ಕಂಡಕ್ಟರನಿಗೂ ಅಷ್ಟು ಊರು ಬಾಯಿಪಾಠ ಇರಲಿಕ್ಕಿಲ್ಲ.

ಹೆಂಗಸರ ಸಾಲಿನಿಂದ ಮೋತಿಬಿ ಬಂದು ನನ್ನ ಕುರ್ಚಿಯ ಹಿಂದೆ ಬಗ್ಗಿದಳು.

“ನಿಜಾಮನ ಅಬ್ಬಾ, ಕೈ ಎತ್ತರಿ.”

“ಆಣಿ ಮಾಡೇನಿ.”

“ಹಾಡು ಹೆಂಗ ಮುಗಸ್ಬೇಕಂತ ಗೊತ್ತಿಲ್ಲ ಅವಕ್ಕ. ನಿಮ್ಮ ಮಾರಿ ನೋಡಾಕತ್ತಾವ.”

“ರಾಕ್ ಅಂದ್ರ ಹಂಗ ಇರತೈತಿ. ನಿನಗೇನ ತಿಳೀತೈತಿ?”

“ನನಗ ತಿಳಿಯೂದುಲ್ಲ ಬಿಡ್ರಿ. ಅಲ್ಲಿ ಹುಡುಗಿ ಗಂಟಲಾ ಹರಕೊಳ್ಳಾಕತ್ತೈತಿ, ಅದರ ಕಣ್ಣ ನೋಡ್ರಿ.”

ನೋಡಿದೆ. ಅಖ್ತರಿಯ ಕಣ್ಣಲ್ಲಿ ನೀರು ತುಂಬಿತ್ತು. ಅಷ್ಟರಲ್ಲಿ ಹುಚ್ಚೀರಪ್ಪನವರು ಪಕ್ಕಕ್ಕೆ ಬಂದು, ಸಾಬರ, ಮುಹೂರ್ತ ತಪ್ಪಿದರೆ ಮುಂದಿನದು ದೀಪಾವಳಿಗಂತೆ, ನಿಮ್ಮ ಮಕ್ಕಳು ದೀಪಾವಳಿವರೆಗೆ ಹಾಡುವವರೋ ಹೇಗೆ ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಆ ಮರ್ಯಾದೆಯಲ್ಲಿ ಹಲ್ಲು ಕಡಿಯುವ ಸದ್ದಿತ್ತು.

ಶಾಸನ ಹಾಳಾಗಿ ಹೋಗಲಿ, ಮಗಳು ಉಳಿಯಲಿ ಎಂದು ಕೈ ಎತ್ತಲು ಹೋದೆ. ಕೈ ಬರಲಿಲ್ಲ! ತೊಡೆಯ ಕೆಳಗೆ ಎರಡೂ ಜೋಮು ಹಿಡಿದು, ಯಾರದೋ ಕೈಗಳನ್ನು ತಂದು ನನ್ನ ಹೆಗಲಿಗೆ ಕಟ್ಟಿದಂತಾಗಿದ್ದವು. ಎದ್ದು ನಿಂತೆ. ಹಸಿ ಧೋತರದ ಹಾಗೆ ಜೋತುಬಿದ್ದವು. ಹೆಗಲು ಕುಣಿಸಿ ಎತ್ತಲು ನೋಡಿದೆ. ಕೈ ಮೇಲೇಳಲಿಲ್ಲ, ಕೆಳಗೇ ಪಟಪಟ ಝಾಡಿಸಿತು.

ಕೈ ಕೆಳಗೆ ಝಾಡಿಸಿದರೆ ಏನು ಅರ್ಥ? ಜೋರಾಗಿ ಓಡಿಸು!

ಮಕ್ಕಳು ವಿಧೇಯರು. ಅಬ್ಬಾನ ಹುಕುಂ ಬಂತೆಂದು ಹಾಡನ್ನು ಇಮ್ಮಡಿ ಓಡಿಸಿದರು. ನಾನು ಗಾಬರಿಯಾಗಿ ಇನ್ನಷ್ಟು ಹೆಗಲು ಕುಣಿಸಿದೆ, ಅವರು ಇನ್ನಷ್ಟು ಓಡಿಸಿದರು. ಇದೇ ರಾಕ್ ಕುಣಿತವೆಂದು ತಿಳಿದ ಮುಂಡರಗಿಯ ಹುಡುಗರು ನನ್ನ ಸುತ್ತ ನಿಂತು ಕೈ ಜೋತುಬಿಟ್ಟು ಕುಣಿಯತೊಡಗಿದರು. ಜರಿ ಟೋಪಿ ಯಾರ ಕಾಲಡಿಗೆ ಹೋಯಿತೋ ದೇವರಿಗೇ ಗೊತ್ತು.

ಮೋತಿಬಿ ನನ್ನನ್ನು ಒಂದು ಸಲ ನೋಡಿದಳು. ಆ ನೋಟವನ್ನು ವರ್ಣಿಸುವ ಕನ್ನಡ ನನ್ನ ಬಳಿ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಟ್ಟಗೆ ಗಿರಣಿಯ ಗೋಡೆಗೆ ಹೋದಳು. ಅಲ್ಲಿ ಎರಡು ಹಿಡಿಕೆಗಳಿದ್ದವು. ಒಂದು ಮೈಕಿಗೆ ಕರೆಂಟು ಕೊಡುವ ಸ್ವಿಚ್ಚು, ಅದನ್ನು ಕೆಳಗೆಳೆದರೆ ಹಾಡು ಬಂದ್. ಇನ್ನೊಂದು ಗಿರಣಿಯ ಸ್ಟಾರ್ಟರು. ಮೋತಿಬಿ ಎಳೆದದ್ದು ಇನ್ನೊಂದನ್ನು.

ಮೋಟಾರು ಗುರ್ರ್ ಎಂದಿತು. ಹೂವಿನ ಸರ ಹಾರಿ ಅಯ್ಯನವರ ಕೊರಳಿಗೆ ಬಿತ್ತು. ಒನಕೆಗಳು ಧಡ್ ಧಡ್ ಎಂದು ಏರಿಳಿದವು. ಒರಳುಗಳಿಂದ ಕೆಂಪು ಧೂಳು ಎದ್ದು, ಶೆಡ್ಡಿನ ಸೂರಿಗೆ ಬಡಿದು, ಸಭೆಯ ಮೇಲೆ ನಿಧಾನವಾಗಿ ಇಳಿಯಿತು. ಅಖ್ತರಿ ‘ಲಕ್ಷ್ಮೇಶ್ವರ’ವನ್ನು ಮೂರನೆಯ ಸಲ ಎತ್ತಿಕೊಂಡವಳು ಲಕ್ಷ್ಮೇ ಎಂದು ನಿಂತಳು. ಮೂಗು ಮೇಲೆತ್ತಿದಳು. ಆಮೇಲೆ ಮೈಕಿನಲ್ಲಿ ಸೀನಿದಳು.

ಹಾಡು ನಿಂತಿತು. ಆ ಸೀನಿಗೆ ಕಪ್ಪತಗುಡ್ಡವೇ ಓಗೊಟ್ಟಿರಬೇಕು. ದಸ್ತಗೀರ ಸೀನಿದ, ನಿಜಾಮ ಸೀನಿದ, ಮೊದಲ ಸಾಲು ಸೀನಿತು, ಹೆಂಗಸರ ಸಾಲು ಸೀನಿತು, ಊಟಕ್ಕೆ ಎಲೆ ಹಾಕುತ್ತಿದ್ದವರು ಸೀನಿದರು. ಯಾರೋ ಪುಣ್ಯಾತ್ಮ ಹೊರಗೆ ಓಡಿ ಮೇನ್ ಸ್ವಿಚ್ಚು ಆರಿಸಿ ಗಿರಣಿ ನಿಲ್ಲಿಸಿದ.

ಹುಚ್ಚೀರಪ್ಪನವರು ಕಣ್ಣೊರೆಸಿಕೊಂಡು, ಗಿರಣಿ ಚಾಲೂ ಮಾಡಿದ್ದು ಯಾರು ಎಂದರು. ಮೋತಿಬಿಯ ಕೈ ಇನ್ನೂ ಹಿಡಿಕೆಯ ಮೇಲಿತ್ತು.

“ನಾನರಿ ಸಾವಕಾರ್ರ. ಹಾಡು ಬಂದ್ ಮಾಡಾಕ ಹೋಗಿದ್ನಿ.”

ಮಗಳ ಭವಿಷ್ಯ ಮುಗಿಯಿತು ಎಂದುಕೊಂಡೆ. ಶುಭಕಾರ್ಯದಲ್ಲಿ ಒಂದು ಸೀನೇ ಅಪಶಕುನ. ಇಲ್ಲಿ ಊರಿಗೆ ಊರೇ ಸೀನಿತ್ತು. ಎಲ್ಲರೂ ಅಯ್ಯನವರನ್ನು ನೋಡಿದರು. ಅವರು ಕೊರಳ ಸರ ಸರಿಮಾಡಿಕೊಂಡು ಅಂಗೈಯ ಗಡಿಯಾರ ನೋಡಿದರು.

“ಮುಹೂರ್ತ ಬರೋಬ್ಬರಿ ಆತು. ಒಬ್ಬಾಂವ ಸೀನಿದ್ರ ಅಪಶಕುನ. ಎಲ್ಲಾರೂ ಸೀನಿದ್ರ ಅದು ಖಾರದ ಗುಣಾ. ಹುಚ್ಚೀರಪ್ಪ, ನಿನ್ನ ಗಿರಣಿ ನಡೀತೈತಿ.”

ಸಭೆ ಗೊಳ್ಳೆಂದು ನಕ್ಕಿತು, ಚಪ್ಪಾಳೆ ತಟ್ಟಿತು. ಹುಡುಗರು ‘ಇನ್ನೊಮ್ಮೆ’ ಎಂದು ಕೂಗಿದರು. ಹಾಡು, ಓಟ, ಧಡ್ ಧಡ್, ಕೊನೆಗೆ ಸೀನು, ಎಲ್ಲವನ್ನೂ ಮೊದಲೇ ಕಟ್ಟಿದ್ದೆಂದು ಅವರು ತಿಳಿದಿದ್ದರು! ಅಖ್ತರಿ ಮೂಗೊರೆಸಿಕೊಂಡು ನನ್ನತ್ತ ನೋಡಿದಳು. ನಾನು ತಲೆಯಾಡಿಸಿದೆ. ಕೈ ಇನ್ನೂ ಬಂದಿರಲಿಲ್ಲ.

ಆ ಮಳೆಗಾಲ ಮುಗಿಯುವುದರೊಳಗೆ ಲಕ್ಷ್ಮೇಶ್ವರದ ಜವಳಿ ಅಂಗಡಿ, ಶಿಗ್ಲಿಯ ಟ್ರ್ಯಾಕ್ಟರ್ ಪೂಜೆ, ಗದಗಿನ ಕಾಲೇಜು, ಎಲ್ಲ ಕಡೆಯಿಂದ ಕರೆ ಬಂತು. ಅಖ್ತರಿ ಪ್ರತಿ ಹಾಡಿಗೂ ಗಟ್ಟಿಯಾದ ಕೊನೆ ಕಟ್ಟಿದಳು. ಕಟ್ಟಕಡೆಯ ಹಾಡಿಗೆ ಮಾತ್ರ ಮೂವರೂ ಒಟ್ಟಿಗೆ ಸೀನುತ್ತಿದ್ದರು, ಜನವೂ ಸೀನುತ್ತಿತ್ತು. ಮದುವೆಗಳಿಗೂ ಜನ ರಾಕ್ ಬ್ಯಾಂಡನ್ನೇ ಕೇಳತೊಡಗಿದರು. ನನ್ನ ಕೆಂಪು ಕೋಟು ಗೂಟದಲ್ಲಿ, ಕ್ಲಾರಿನೆಟ್ ಪೆಟ್ಟಿಗೆಯಲ್ಲಿ, ನಾನು ಕಟ್ಟೆಯ ಮೇಲೆ.

ಎಷ್ಟು ದಿನ ಕಟ್ಟೆ ಕಾಯಲಿ? ಒಂದು ಬೆಳಿಗ್ಗೆ ಗಂಟಲು ಸರಿಮಾಡಿಕೊಂಡು, ನಿಮ್ಮ ಬ್ಯಾಂಡಿನಲ್ಲಿ ಕ್ಲಾರಿನೆಟ್ಟಿಗೆ ಜಾಗ ಇದ್ದೀತೇ ಎಂದು ಮಗಳನ್ನು ಕೇಳಿದೆ. ಅವಳು ಅಣ್ಣತಮ್ಮಂದಿರ ಮುಖ ನೋಡಿದಳು. ನಾಳೆ ತಾಲೀಮಿಗೆ ಬನ್ನಿ, ಕೇಳಿ ನೋಡೋಣ ಎಂದಳು. ನನ್ನನ್ನು! ಹೋದೆ. ಊದಿದೆ. ಮೂವರೂ ಪಿಸುಪಿಸು ಮಾತಾಡಿ ನನ್ನನ್ನು ತೆಗೆದುಕೊಂಡರು. ಹಿಂದಿನ ಸಾಲು, ಢೋಲಿನ ಮಗ್ಗುಲು.

ಮೊದಲ ಕಾರ್ಯಕ್ರಮ ಶಿರಹಟ್ಟಿಯಲ್ಲಿ. ನಡುವೆ ಚಹಾಕ್ಕೆಂದು ವೇದಿಕೆ ಇಳಿದು ಮುಂದಿನ ಸಾಲಿನ ಹಿಂದೆ ಬಂದೆ. ಅಲ್ಲಿ ಮೋತಿಬಿ ಮಹಾರಾಣಿಯಂತೆ ಕುಳಿತಿದ್ದಳು. ಪಕ್ಕದಲ್ಲಿ ನಮ್ಮನ್ನು ಕರೆಸಿದ ಮನೆಯ ಯಜಮಾನತಿ ಸಾವಿತ್ರೆವ್ವ.

“ಮೋತಿಬಿ, ನಿಮ್ಮ ಹುಡುಗ್ರು ಭಾಳ ಚಲೋ ಬಾರಸ್ತಾರ. ಹಿಂದ ಢೋಲಿನ ಬಾಜೂಕ ಕೊಳವಿ ಊದಾಕತ್ತಿದ್ರಲ್ಲ, ಆ ಅಜ್ಜಾರು ಯಾರ್ರಿ?” ಎಂದು ಸಾವಿತ್ರೆವ್ವ ಕೇಳಿದರು.

ನಾನು ಎದೆ ಸೆಟೆಸಿ, ಕೋಟಿನ ಗುಂಡಿ ಹಾಕಿಕೊಂಡು ನಿಂತೆ.

ಮೋತಿಬಿ ಎಲೆಗೆ ಸುಣ್ಣ ಸವರುತ್ತ ಹೇಳಿದಳು: “ಹೊಸದಾಗಿ ಸೇರ್ಯಾರ್ರಿ. ಇನ್ನೂ ಕಲಿಯಾಕತ್ತಾರ. ಶಾಣ್ಯಾ ಅದಾರ, ಬರತೈತಿ ತೊಗೋರಿ.”