ತುಪ್ಪಕ್ಕೂ ಮುದ್ದೆಗೂ ಹೆದರುವ ಭಾವ

ನಮ್ಮ ಭಾವನವರಷ್ಟು ಧೈರ್ಯಸ್ಥರು ಇಡೀ ದೊಡ್ಡಬಳ್ಳಾಪುರದಲ್ಲಿಲ್ಲ. ಮನೆಯ ಹಿಂದಿನ ಮಗ್ಗದ ಶೆಡ್ಡಿಗೆ ಹೊಕ್ಕ ನಾಗರಹಾವನ್ನು ಬರೀ ಕೋಲಿನಲ್ಲೆತ್ತಿ ಹೊರಗೆ ಬಿಟ್ಟವರು. ಆದರೆ ತುಪ್ಪದ ಬಟ್ಟಲು ಕಂಡರೆ ಹಣೆಯ ಮೇಲೆ ಬೆವರು!

ನಗಬೇಡಿ. ಅವರಪ್ಪ, ಅಂದರೆ ನನ್ನ ಮಾವ, ಐವತ್ತೆಂಟನೆಯ ವಯಸ್ಸಿನಲ್ಲಿ ಹಬ್ಬದೂಟ ಮುಗಿಸಿ ಕೈ ತೊಳೆಯುತ್ತಲೇ ಎದೆ ಹಿಡಿದು ಕುಸಿದು ತೀರಿಕೊಂಡವರು. ಭಾವನವರಿಗೆ ಈಗ ಐವತ್ತೆಂಟು. ವರ್ಷ ಬೇಗ ಕಳೆಯಲೆಂದು ತಿಂಗಳು ಮುಗಿಯುವ ಮೊದಲೇ ಕ್ಯಾಲೆಂಡರ್ ಹಾಳೆ ಹರಿಯುತ್ತಾರೆ!

ಮೊದಲು ಅವರ ಶತ್ರು ಕೊಬ್ಬು. ದೋಸೆಯನ್ನು ಪತ್ರಿಕೆಗೆ ಒತ್ತಿ ಎಣ್ಣೆ ಹೀರಿಸುತ್ತಿದ್ದರು. ತಾಲ್ಲೂಕಿನ ಸುದ್ದಿಯೆಲ್ಲ ದೋಸೆಯ ಮೇಲೆ ಉಲ್ಟಾ ಅಚ್ಚಾಗಿರುತ್ತಿತ್ತು, ಓದಿಕೊಂಡೇ ತಿನ್ನುತ್ತಿದ್ದರು.

ಆಮೇಲೆ ಫೋನಿನಲ್ಲಿ ಯಾರೋ ಮಹಾನುಭಾವ ಕಾಣಿಸಿಕೊಂಡು, ಕೊಬ್ಬು ಬಡಪಾಯಿ, ನಿಜವಾದ ಕಳ್ಳ ಅನ್ನ-ಮುದ್ದೆಯಲ್ಲಿರುವ ಕಾರ್ಬೋಹೈಡ್ರೇಟ್ ಎಂದ. ಮರುದಿನವೇ ಕಾಫಿಗೆ ತುಪ್ಪ! ನಾನು ಮುದ್ದೆ ಬಡಿಸಹೋದರೆ ತಟ್ಟೆ ಎಳೆದುಕೊಂಡರು.

“ಬೇಡ ಕಣಮ್ಮ. ಅದು ಒಳಗೋಗಿ ಸಕ್ರೆ ಆಯ್ತದೆ.”

“ಹಂಗಾದ್ರೆ ನಾಳೆಯಿಂದ ಕಾಫಿಗೆ ಮುದ್ದೆನೇ ಕಲಸ್ತೀನಿ, ಸಕ್ರೆ ಉಳೀತದೆ” ಎಂದಳು ಅಕ್ಕ, ಅಂದರೆ ಅವರ ಹೆಂಡತಿ, ನನ್ನ ಓರಗಿತ್ತಿ.

ಮೂರೇ ವಾರ. ಇನ್ನೊಬ್ಬ ಮಹಾನುಭಾವ ಬಂದು ತುಪ್ಪವೇ ಯಮ ಎಂದ. ಯಾರನ್ನು ನಂಬುವುದು? ಭಾವನವರು ಇಬ್ಬರನ್ನೂ ನಂಬಿದರು! ತಟ್ಟೆಯಲ್ಲಿ ಉಳಿದದ್ದು ಸೌತೆಕಾಯಿ. ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, “ಚೆನ್ನಾಗಿದೀರ. ಎಲ್ಲಾ ತಿನ್ನಿ, ಸ್ವಲ್ಪ ಸ್ವಲ್ಪ ತಿನ್ನಿ” ಎಂದರು.

“ಹೆದರ್ಸಕ್ಕೇ ಬರದೋನು ಎಂಥ ಡಾಕ್ಟ್ರು!” ಎಂದು ಎದ್ದು ಬಂದರು.

ಪ್ಯಾಂಟು ಜಾರತೊಡಗಿತು, ನೂಲಿನ ಹುರಿ ಬಿಗಿದರು. ಅಲ್ಲಿಯವರೆಗೂ ನಕ್ಕೆವು. ಒಂದು ಮಧ್ಯಾಹ್ನ ಓಡುತ್ತಿದ್ದ ಮಗ್ಗದ ಮೇಲೇ ತಲೆಸುತ್ತಿ ವಾಲಿದರು. ಕೆಲಸದವರು ಅಂಗಿ ಹಿಡಿದು ಎಳೆಯದಿದ್ದರೆ? ಅಂದಿನಿಂದ ಮಗ್ಗದ ಸದ್ದು ನಿಂತರೆ ಸಾಕು, ನಾನೂ ಅಕ್ಕನೂ ಒಲೆ ಬಿಟ್ಟು ಓಡುತ್ತಿದ್ದೆವು. ಕರೆಂಟು ಹೋದಾಗಲೂ ಓಡಿದ್ದೇ!

ಮಹಾಲಯ ಅಮಾವಾಸ್ಯೆ ಬಂತು. ತೀರಿಕೊಂಡ ಹಿರಿಯರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ ಎಡೆಯಿಟ್ಟು, ಬಾಗಿಲು ಮುಚ್ಚಿ ಹೊರಗೆ ಕೂರುವುದು ನಮ್ಮ ಪದ್ಧತಿ. ಅವರು ಉಂಡು ಹೋದ ಮೇಲೆ ನಮ್ಮ ಊಟ. ಮಾವನಿಗೆ ದೊಡ್ಡ ಮುದ್ದೆ, ಕೊಬ್ಬಿರುವ ಮಟನ್ ಸಾರು, ತುಪ್ಪ ಇಟ್ಟೆ. ಕೊನೆಗೆ ಊದುಬತ್ತಿ ಹಚ್ಚಿ ಬಾಗಿಲೆಳೆದುಕೊಂಡು ಬಂದವರು ಭಾವನವರು. ಸ್ವಲ್ಪ ಹೊತ್ತಿನ ಮೇಲೆ ತೆಗೆದು ನೋಡಿದರೆ, ನಿಂಬೆಹಣ್ಣಿನಷ್ಟು ಮುದ್ದೆ! ತುಪ್ಪವಿಲ್ಲ, ಸಾರಿನಲ್ಲಿ ತುಂಡಿಲ್ಲ. ಪಕ್ಕದಲ್ಲಿ ಸೌತೆಕಾಯಿ!

“ಸತ್ತೋರಿಗೂ ಪಥ್ಯನಾ ರೀ?” ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಭಾವನವರು ನಗಲಿಲ್ಲ. “ಅವತ್ತು ಅಪ್ಪಂಗೆ ಬಡಿಸ್ದೋನು ನಾನೇ. ಸಾಕು ಕಣೋ ಅಂದ್ರು. ಕೈ ಅಡ್ಡ ಇಟ್ರು. ಇನ್ನೊಂದ್ ತುಂಡು ತಿನ್ನಪ್ಪ ಅಂತ ಹಾಕ್ಬಿಟ್ಟೆ.”

ಇಷ್ಟು ವರ್ಷ ಈ ಮಾತು ನಮಗ್ಯಾರಿಗೂ ಗೊತ್ತಿರಲಿಲ್ಲ. ನಾನು ಒಳಗೆ ಹೋಗಿ ಮೊದಲಿನಷ್ಟೇ ದೊಡ್ಡ ಮುದ್ದೆ ಕಟ್ಟಿ ತಂದು, ತುಂಡುಗಳನ್ನೂ ಬಡಿಸಿದೆ. ತುಪ್ಪವನ್ನು ಭಾವನವರೇ ಬಿಟ್ಟರು. ಮತ್ತೆ ಬಾಗಿಲು ಮುಚ್ಚಿ, ಕಾದು, ತೆಗೆದೆವು.

ಊಟಕ್ಕೆ ಕೂತಾಗ ಅಕ್ಕ ಎಡೆಯ ಮುದ್ದೆಯಲ್ಲಿ ಒಂದು ಪಾಲು ಮುರಿದು ಅವರ ತಟ್ಟೆಗಿಟ್ಟಳು. ತಡೆಯಲಿಲ್ಲ. ಸಾರು ಬಿಟ್ಟು ಒಂದು ತುಂಡು ಹಾಕಿದಳು. ಎರಡನೆಯದಕ್ಕೆ ಸೌಟು ಎತ್ತಿದಾಗ, “ಸಾಕು” ಎಂದರು.

ಅಕ್ಕ ಸೌಟನ್ನು ಅಲ್ಲೇ ನಿಲ್ಲಿಸಿದಳು. ಅವರು ಆ ಒಂದು ತುಂಡನ್ನು ತಿಂದು ಮುಗಿಸುವವರೆಗೂ ಹಾಗೇ ಹಿಡಿದುಕೊಂಡು ನಿಂತಿದ್ದಳು.